ಎಡಕ್ಕೆ ತಿರುಗಿದ ದೋಣಿ

"ಈಗ ಎಡಕ್ಕ ತಿರುಗ್ಸು," ಎಂದಳು ನಾಗಲಿಂಗಮ್ಮ.

ಭರತ್ ರಿಮೋಟಿನ ಚಕ್ರವನ್ನು ಎಡಕ್ಕೆ ಹೊರಳಿಸಿದ. ಗಂಗಮ್ಮನ ಗುಂಡಿನತ್ತ ಓಡುತ್ತಿದ್ದ ಹಳದಿ ದೋಣಿ ಒಂದಿಷ್ಟೂ ತಕರಾರು ಮಾಡದೆ ಎಡಕ್ಕೆ ವಾಲಿತು. ಹೊಳೆಯ ನಡುವೆ ನಿಂತಿದ್ದ ಆ ದೊಡ್ಡ ಬಂಡೆಯನ್ನು ಸುತ್ತು ಹಾಕಿ, ಏನೂ ಆಗಿಲ್ಲವೆಂಬಂತೆ ದಡಕ್ಕೆ ವಾಪಸು ಬಂತು.

ಬರಬಾರದಾಗಿತ್ತು. ಅದು ಮಗುಚಿ ಬೀಳಬೇಕಾಗಿತ್ತು. ಮಗುಚಿ ಬಿದ್ದಿದ್ದರೆ ಅಂಜಿನಿ ಇವತ್ತು ಮನೆಯ ಊಟ ಮಾಡುತ್ತಿದ್ದ.

ವಕೀಲೆ ಸುಕನ್ಯಾ ಚಿತ್ರ ಹಿಡಿಯುತ್ತಿದ್ದ ಮೊಬೈಲನ್ನು ಕೆಳಗಿಳಿಸಿದಳು. "ಮೇಡಂ, ಆರಾಮಾಗಿ ತಿರುಗ್ತಲ್ಲ. ಇದನ್ನ ಕೋರ್ಟಿಗೆ ತಗೊಂಡು ಹೋದ್ರೆ ನಾವೇ ಅಂಜಿನಿನ್ನ ಒಳಗೆ ಹಾಕಿಸಿದಂಗಾಗುತ್ತೆ."

"ಇರಲಿ, ಅಳಿಸಬ್ಯಾಡ," ಎಂದಳು ನಾಗಲಿಂಗಮ್ಮ. "ಮುಂದಿಂದು ನೋಡಿದ ಮ್ಯಾಲೆ ಇದಕ್ಕೂ ಅರ್ಥ ಬರ್ತೈತಿ."

ಮುಂದಿನದು ಏನೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಪೊಲೀಸ್ ಖಾತೆಯಲ್ಲಿ ಮಹಿಳಾ ಪೇದೆಯಾಗಿ ಸೇರಿ, ಎಎಸ್‌ಐ ಆಗಿ ನಿವೃತ್ತಳಾಗುವವರೆಗೂ ಅವಳು ಗೊತ್ತಿಲ್ಲವೆಂಬುದನ್ನು ಮುಖದ ಮೇಲೆ ತೋರಿಸಿದವಳಲ್ಲ. ಕೂಡ್ಲಿಗಿಯ ಮನೆಯಲ್ಲಿ ಟಿವಿ ನೋಡುತ್ತ ಕೂತಿರಬೇಕಾದ ಹೆಂಗಸು, ಅಂಜಿನಿಯ ಅಕ್ಕ ಫೋನಿನಲ್ಲಿ ಅತ್ತಳೆಂದು ಮಾಗಳದ ಹೊಳೆದಂಡೆಯಲ್ಲಿ ಸೀರೆ ಎತ್ತಿಕಟ್ಟಿ ಕೆಸರಲ್ಲಿ ನಿಂತಿದ್ದಳು. ಹಟಕ್ಕೆ ಬಿದ್ದರೆ ಅವಳು ಹಾಗೇ.

ಹೋದ ಭಾನುವಾರ ಇದೇ ಜಾಗದಲ್ಲಿ ಕೊಟ್ಟೂರಿನ ಎಣ್ಣೆ ಮಿಲ್ಲಿನ ಮಾಲೀಕ ಗುರುಸಂಗಪ್ಪ ಹರಿಗೋಲು ಹತ್ತಿ, ಕೆಟ್ಟು ನಿಂತ ಆಟದ ದೋಣಿಯೊಂದನ್ನು ತರಲು ಗುಂಡಿನ ಹಿಂದಕ್ಕೆ ಹೋಗಿದ್ದ. ಎಲ್ಲಿಂದಲೋ ಬಾಣದ ಹಾಗೆ ಬಂದ ಇನ್ನೊಂದು ಹಳದಿ ದೋಣಿ ಹರಿಗೋಲನ್ನು ಸೀಳಿಹಾಕಿ, ಅದೇ ವೇಗದಲ್ಲಿ ಕಣ್ಮರೆಯಾಗಿತ್ತು. ಮುದುಕನ ತಲೆ ಬಂಡೆಗೆ ಬಡಿದು, ಅವನೀಗ ದಾವಣಗೆರೆಯ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ದೋಣಿ ನಿನ್ನದೇ ಎಂದು ಪೊಲೀಸರು ಹಿಡಿದದ್ದು ಹೊಳೆಯ ಮೀನುಗಾರ ಅಂಜಿನಿಯನ್ನು. ಅವನ ಜಾಮೀನಿನ ಅರ್ಜಿ ಇವತ್ತು ಊಟದ ನಂತರ ಹಡಗಲಿ ಕೋರ್ಟಿನಲ್ಲಿ ಬರಲಿತ್ತು.

ಗುರುಸಂಗಪ್ಪನಿಗೆ ಈ ವಯಸ್ಸಿನಲ್ಲಿ ಹತ್ತಿದ ಹುಚ್ಚು ಇದು. ಕರೆಂಟಿನ ದೋಣಿ, ತೋಳುದ್ದದ್ದು, ರಿಮೋಟಿನಿಂದ ಓಡುವಂಥದ್ದು. ಒಂದೇ ಅಚ್ಚಿನ, ಒಂದೇ ಹಳದಿ ಬಣ್ಣದ ಮೂರು ತರಿಸಿ, ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಹಡಗಲಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಭರತನಿಗೆ, ಮತ್ತೊಂದನ್ನು ಅಂಜಿನಿಗೆ ಕೊಟ್ಟಿದ್ದ. ಭಾನುವಾರ ಕೆಟ್ಟು ನಿಂತದ್ದು ಭರತನದು. ಅಪ್ಪನದು ಮೋಟರ್ ಸುಟ್ಟು ಕೊಟ್ಟೂರಿನಲ್ಲೇ ಬಿದ್ದಿದೆ ಎಂದು ಗುರುಸಂಗಪ್ಪನ ಮಗ ಗವಿಸಿದ್ದೇಶ್ ಪೊಲೀಸರಿಗೆ ಹೇಳಿದ್ದ. ಉಳಿದದ್ದು ಅಂಜಿನಿಯದು ಮಾತ್ರ. ಅದರ ಮೂತಿಗೆ ಹರಿಗೋಲಿನ ಟಾರೂ ಮೆತ್ತಿತ್ತು. ಕೆಟ್ಟ ದೋಣಿಗಳನ್ನೆಲ್ಲ ಹರಿಗೋಲಿಗೆ ಎತ್ತಿ ಹಾಕುವವನು ತಾನೇ, ಮೂರಕ್ಕೂ ಟಾರು ಮೆತ್ತಿರುತ್ತದೆ ಎಂದು ಅಂಜಿನಿ ಬಡಕೊಂಡರೂ ಕೇಳಿದವರಿರಲಿಲ್ಲ.

ದಡದ ಗುಡಿಯ ಪೂಜಾರಿಣಿ ದ್ಯಾಮಕ್ಕ ಆ ಹೊತ್ತು ನೀರಿಗಿಳಿದು ಪೂಜೆಯ ತಂಬಿಗೆ ತಿಕ್ಕುತ್ತಿದ್ದಳು. ಕಣ್ಣಾರೆ ಕಂಡವಳು ಅವಳೊಬ್ಬಳೇ. ದೋಣಿ ಗುಂಡನ್ನು ಎಡಕ್ಕೆ ಸುತ್ತಿ ಬಂದು ಬಡಿಯಿತು ಎಂದು ಅವಳು ಹೇಳಿಕೆ ಕೊಟ್ಟಿದ್ದಳು. ನಾಗಲಿಂಗಮ್ಮ ಹಿಡಿದದ್ದು ಆ 'ಎಡಕ್ಕೆ' ಎಂಬುದನ್ನೇ. ಅಂಜಿನಿಯ ದೋಣಿಯ ಹಿಂಬದಿ ಬಲಕ್ಕೆ ಒಂದು ಅಲ್ಯೂಮಿನಿಯಂ ಪಟ್ಟಿ ಇದೆ, ಅದು ನೀರಿಗಿಳಿದು ದೋಣಿಯನ್ನು ಬಲಕ್ಕೆ ಮಾತ್ರ ತಿರುಗಿಸುತ್ತದೆ, ಜೋರಾಗಿ ಎಡಕ್ಕೆ ತಿರುಗಿಸಿದರೆ ಮಗುಚುತ್ತದೆ ಎಂದು ಭರತನೇ ಹೇಳಿದ್ದ. ಅದನ್ನು ತೋರಿಸಲೆಂದೇ ಬೆಳಿಗ್ಗೆಯಿಂದ ಈ ಸರ್ಕಸ್ಸು. ಭರತನ ದೋಣಿಗೂ ಪಟ್ಟಿ ಬಲಕ್ಕೇ ಇತ್ತು. ಅದು ನೋಡಿದರೆ ಹೀಗೆ ಮಾನ ಕಳೆಯಿತು.

"ದ್ಯಾಮಕ್ಕ, ನೀ ಹೇಳು. ಅವತ್ತು ಹಿಂಗ ಬಂತೇನು?"

ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ದ್ಯಾಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ಎಲ್ಲಿದ ಯವ್ವಾ. ಅವತ್ತು ಹಿಂದ ನೀರು ಆಳೆತ್ರ ಚಿಮ್ಮಿತ್ತು. ಇದು ಎಮ್ಮಿ ಬಾಲ ಎತ್ತಿದಷ್ಟು ಸೈತ ಚಿಮ್ಮಲಿಲ್ಲ. ಸದ್ದೂ ಬ್ಯಾರೆ. ಕಿವ್ಯಾಗ ಕಡಜ ಹೊಕ್ಕಂಗ ಆಗಿತ್ತು."

"ಕೇಳಿದೇನು?" ನಾಗಲಿಂಗಮ್ಮ ಭರತನ ಕಡೆ ತಿರುಗಿದಳು. "ನಿನ್ನ ದೋಣಿ ಉಳ್ಳಾಡತೈತಿ. ಅವತ್ತಿಂದು ಹಾರಿಬಂದಿತ್ತು. ಇದನ್ನ ಹಾರಿಸು."

"ಅಂಜಿನಿ ಕೈ ಬಿದ್ದ ಮ್ಯಾಲೆ ಹಾರ್ತಿತ್ರಿ ಅಮ್ಮಾರ. ನನ್ನದೂ ಅವನ ಕೂಡ್ರಿಸಿ ಕೊಟ್ಟಿದ್ದು. ನಾನು ಕೆಡವಿ ಕೆಡವಿ ಹಿಂಗ ಮಾಡೀನಿ."

"ಹಂಗಾರ ಅವ ಹೆಂಗ ಇಟ್ಟಿದ್ನೋ ಹಂಗ ಇಡು. ಫೋಟೋ ಅದಾವಲ್ಲ."

ವಶಪಡಿಸಿಕೊಂಡ ದೋಣಿಯ ಫೋಟೋಗಳು ಸುಕನ್ಯಾಳ ಮೊಬೈಲಿನಲ್ಲಿದ್ದವು. ನಾಗಲಿಂಗಮ್ಮ ಕನ್ನಡಕ ಏರಿಸಿ, ಒಂದೊಂದನ್ನೇ ಹಿಗ್ಗಿಸಿ ನೋಡತೊಡಗಿದಳು. ಹೆಣದ ಮೈಮೇಲಿನ ಗಾಯ ನೋಡುತ್ತಿದ್ದ ಕಣ್ಣು ಅದು, ದೋಣಿಯನ್ನು ಬಿಡುತ್ತದೆಯೇ?

"ಈ ಕಬ್ಬಿಣದ ಕೈ ಏನು, ಪ್ರೊಪೆಲರ್ ಹಿಡ್ಕೊಂಡಿದ್ದು?"

"ಸ್ಟ್ರಟ್ ಅಂತೀವ್ರಿ."

"ಅವನದು ಎತ್ತರಕ್ಕೈತಿ. ನಿಂದು ಕೆಳಗ ಜೋತು ಬಿದ್ದೈತಿ."

ಭರತ್ ಫೋಟೋ ನೋಡಿ ಹಣೆ ಬಡಿದುಕೊಂಡ. ಪ್ರೊಪೆಲರ್ ಪೂರ್ತಿ ಮುಳುಗಿದರೆ ಈ ದೋಣಿಗೆ ವೇಗ ಬರುವುದಿಲ್ಲ. ಅರ್ಧ ನೀರೊಳಗೆ, ಅರ್ಧ ಹೊರಗೆ ಇದ್ದು ನೀರಿನ ಮೈಯನ್ನು ಸೀಳಬೇಕು. ಅವನು ಸ್ಕ್ರೂ ಸಡಿಲಿಸಿ ಸ್ಟ್ರಟ್ ಎತ್ತಿದ. ಹಾಗೇ ಪ್ರೊಪೆಲರನ್ನೂ ಬಿಚ್ಚಿ ಬೆಳಕಿಗೆ ಹಿಡಿದ. ಒಂದು ರೆಕ್ಕೆಯ ಅಂಚು ಕಲ್ಲಿಗೆ ಬಡಿದು ಮುಕ್ಕಾಗಿತ್ತು.

ಮುಕ್ಕಾದ ಕಡೆ ಅರದಿಂದ ಉಜ್ಜಿ ನುಣುಪು ಮಾಡಿದ. ಆಮೇಲೆ ತೆಳ್ಳನೆಯ ಸರಳಿಗೆ ಪೋಣಿಸಿ, ಸರಳನ್ನು ಎರಡು ಬ್ಲೇಡಿನ ಅಂಚಿನ ಮೇಲಿಟ್ಟ. ಒಂದು ರೆಕ್ಕೆ ಮೆಲ್ಲಗೆ ಕೆಳಗಿಳಿಯಿತು.

"ಈ ಕಡಿ ತೂಕ ಹೆಚ್ಚೈತಿ," ಎಂದಳು ನಾಗಲಿಂಗಮ್ಮ. ತಕ್ಕಡಿ ನೋಡಿ ಬೆಳೆದವಳಿಗೆ ಅಷ್ಟೂ ತಿಳಿಯದೇ?

ಭಾರದ ಕಡೆ ತುಸು ಉಜ್ಜುವುದು, ಮತ್ತೆ ಬ್ಲೇಡಿನ ಮೇಲಿಡುವುದು, ಮತ್ತೆ ಉಜ್ಜುವುದು. ಸುಕನ್ಯಾ ಗಡಿಯಾರ ನೋಡಿದಳು, ನಿಟ್ಟುಸಿರು ಬಿಟ್ಟಳು, ಮತ್ತೆ ನೋಡಿದಳು. ನಾಗಲಿಂಗಮ್ಮ ಗಡಿಯಾರದ ಕಡೆ ಕಣ್ಣೂ ಹಾಯಿಸಲಿಲ್ಲ. ಕೊನೆಗೆ ಪ್ರೊಪೆಲರ್ ಹೇಗಿಟ್ಟರೆ ಹಾಗೇ ನಿಂತಿತು.

ಮೋಟರಿನಿಂದ ಪ್ರೊಪೆಲರಿಗೆ ಹೋಗುವ ತಂತಿಯ ಸರಳಿಗೆ ಗ್ರೀಸ್ ಹಚ್ಚಿದ್ದಾಯಿತು. ಬ್ಯಾಟರಿ ಕೂರಿಸಿ, ಭರತ್ ದೋಣಿಯ ಎರಡೂ ಮಗ್ಗುಲಿಗೆ ಒಂದೊಂದು ಬೆರಳು ಕೊಟ್ಟು ಎತ್ತಿ ಹಿಡಿದ. ಫೋಟೋದಲ್ಲಿ ಕಾಣುವಂತೆ ಅಂಜಿನಿ ತನ್ನ ದೋಣಿಗೆ ಪೆನ್ನಿನಿಂದ ಗೆರೆ ಎಳೆದ ಜಾಗದಲ್ಲೇ ಬೆರಳಿಟ್ಟಿದ್ದ. ಮೂತಿ ಏಳಲೂ ಇಲ್ಲ, ಬೀಳಲೂ ಇಲ್ಲ, ತೂಕ ಸಮವಾಗಿತ್ತು. ಮುಚ್ಚಳದ ಸುತ್ತ ನೀರು ಹೋಗದಂತೆ ಟೇಪ್ ಸುತ್ತಿ ನೀರಿಗಿಟ್ಟ.

ದೋಣಿ ಜಿಗಿಯಿತು. ಆದರೆ ಓಡುವ ಬದಲು ಕಪ್ಪೆಯ ಹಾಗೆ ಕುಪ್ಪಳಿಸಿತು. ಮೂತಿ ಮೇಲೆ, ಮೂತಿ ಕೆಳಗೆ, ದಡಬಡ ದಡಬಡ.

"ಮೂತಿ ಹಗುರಾತು," ಎನ್ನುತ್ತ ಭರತ್ ಅದನ್ನು ವಾಪಸು ಕರೆಸಿ ಸ್ಟ್ರಟ್ಟಿನ ಕೋನವನ್ನು ಕೂದಲೆಳೆಯಷ್ಟು ಬದಲಿಸಿದ. ಈ ಸಲ ಕುಪ್ಪಳಿಸಲಿಲ್ಲ. ಆದರೆ ಒಂದು ಮಗ್ಗುಲಿಗೆ ವಾಲಿಕೊಂಡು ಹೋಯಿತು. ಪ್ರೊಪೆಲರ್ ಒಂದು ಕಡೆ ತಿರುಗಿದರೆ ದೋಣಿ ಇನ್ನೊಂದು ಕಡೆ ಹೊರಳಲು ನೋಡುತ್ತದಂತೆ. ಹಿಂಬದಿಯ ಪುಟ್ಟ ತಗಡುಗಳಲ್ಲಿ ಒಂದನ್ನು ತುಸು ಕೆಳಕ್ಕೆ ಬಗ್ಗಿಸಿದ.

"ಮೋಟರ್ ಮುಟ್ಟಿ ನೋಡ್ರಿ ಅಮ್ಮಾರ."

ನಾಗಲಿಂಗಮ್ಮ ಮುಟ್ಟಿ ಕೈ ಹಿಂದೆಗೆದಳು. ಕಾವಲಿಯಷ್ಟು ಕಾದಿತ್ತು.

"ಚುಕ್ಕಾಣಿ ತೂತಿನಾಗ ನೀರು ಹತ್ತಿ, ಮೋಟರ್ ಸುತ್ತಿ ಬಂದು, ಈ ಮಗ್ಗಲದಾಗ ಸಣ್ಣಗ ಹೊರಗ ಬೀಳಬೇಕು. ಬೀಳವಲ್ದು." ಭರತ್ ಕೊಳವೆಗೆ ಬಾಯಿಟ್ಟು ಊದಿದ. ಒಂದು ಎಳೆ ಪಾಚಿ ಹೊರಗೆ ಬಂತು.

"ಮೇಡಂ, ನಾನು ಹೊರಡಲೇಬೇಕು," ಎಂದಳು ಸುಕನ್ಯಾ. "ಅರ್ಜಿ ಕೂಗಿದಾಗ ನಾನಿಲ್ಲ ಅಂದ್ರೆ ಮುಗೀತು."

"ಅಂಜಿನಿ ಅಕ್ಕ ಹೊನ್ನೂರಮ್ಮ ಕೋರ್ಟಿನ ಮುಂದ ಬೆಳಿಗ್ಗೆಯಿಂದ ಕುಂತಾಳ. ಅಕಿಗೆ ನೀ ಬರಿಗೈಲಿ ಹೋಗಿ ಮುಖ ತೋರಿಸ್ತೀಯೇನು? ಇನ್ನೊಂದು ಸಲ. ಆಮ್ಯಾಲೆ ನಾನ ನಿನ್ನ ಬಸ್ಸಿಗೆ ಹತ್ತಿಸ್ತೀನಿ."

ಈ ಸಲ ದೋಣಿ ನೀರಿಗೆ ಮುಟ್ಟಿದ್ದೇ ಸುಳ್ಳು ಎನ್ನುವಂತೆ ಹೋಯಿತು. ಅದರ ಬೆನ್ನಿಗೆ ನೀರಿನ ಜುಟ್ಟು ಎದ್ದು ನಿಂತಿತು. ಕಿವಿ ಕೊರೆಯುವ ಸದ್ದು ಹೊಳೆಯ ಆಚೆ ದಂಡೆಗೂ ಮುಟ್ಟಿತು. ಭರತ್ ಅದನ್ನು ಬಲಕ್ಕೆ ತಿರುಗಿಸಿದ. ವೇಗ ಒಂಚೂರೂ ತಗ್ಗಲಿಲ್ಲ. ಹಳಿಯ ಮೇಲೆ ಹೋದಂತೆ ಗುಂಡನ್ನು ಸುತ್ತಿ ಬಂತು.

ದ್ಯಾಮಕ್ಕ ಎದ್ದು ನಿಂತಿದ್ದಳು. ನಗು ಇರಲಿಲ್ಲ. "ಇದ. ಇದ ಸದ್ದು. ಇಷ್ಟ ಎತ್ರ ನೀರು."

"ಈಗ ಎಡಕ್ಕ," ಎಂದಳು ನಾಗಲಿಂಗಮ್ಮ.

ಭರತ್ ಚಕ್ರ ಹೊರಳಿಸಿದ. ಬಲಗಡೆಯ ಪಟ್ಟಿ ನೀರನ್ನು ಕಚ್ಚಿತು. ಓಡುವವನಿಗೆ ಯಾರೋ ಅಡ್ಡಗಾಲು ಕೊಟ್ಟಂತೆ ದೋಣಿ ಲಾಗ ಹಾಕಿ, ಅಂಗಾತ ಬಿತ್ತು.

ಹರಿಗೋಲಿನವನೊಬ್ಬ ಹೋಗಿ ಎತ್ತಿ ತಂದ. ಒರೆಸಿ ಮತ್ತೆ ಬಿಟ್ಟರು. ಮತ್ತೆ ಎಡಕ್ಕೆ, ಮತ್ತೆ ಲಾಗ. ಮತ್ತೊಮ್ಮೆಯೂ ಅದೇ ಪಾಡು.

"ಕ್ಯಾಮೆರಾ ಮುಂದ ಹೇಳು," ಎಂದಳು ನಾಗಲಿಂಗಮ್ಮ.

ಭರತ್ ಹೇಳಿದ. ಮೆಲ್ಲಗೆ ಹೋದರೆ ಎತ್ತ ಬೇಕಾದರೂ ತಿರುಗುತ್ತದೆ, ಆದರೆ ಪೂರಾ ಜೋರಿನಲ್ಲಿ ಎಡಕ್ಕೆ ತಿರುಗಬೇಕಾದರೆ ಪಟ್ಟಿ ಎಡಕ್ಕೇ ಇರಬೇಕು, ಎಡಕ್ಕೆ ಕೂರಿಸಲು ಹೊಸ ತೂತು ಹಾಕಬೇಕು, ಪೊಲೀಸರ ಬಳಿ ಇರುವ ಅಂಜಿನಿಯ ದೋಣಿಯಲ್ಲಿ ಎಡಗಡೆ ಒಂದು ತೂತೂ ಇಲ್ಲ. ಸುಕನ್ಯಾ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡು, ಕರಿಕೋಟು ಕೈಮೇಲೆ ಹಾಕಿಕೊಂಡು ರಸ್ತೆಗೆ ಓಡಿದಳು. ಈಗ ಅವಳ ಹೆಜ್ಜೆಯಲ್ಲೇ ಬೇರೆ ಕಸುವಿತ್ತು.

ನಾಗಲಿಂಗಮ್ಮ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದಳು. ಖುಷಿಯಾಗಿತ್ತು, ಸುಳ್ಳು ಯಾಕೆ. ಆದರೆ ಆ ಖುಷಿಯ ಪಕ್ಕದಲ್ಲೇ ಒಂದು ಮುಳ್ಳು ಕೂತಿತ್ತು. ಅಂಜಿನಿಯದಲ್ಲ ಸರಿ, ಹಾಗಾದರೆ ಯಾರದು?

ಆಗಲೇ ಅವಳ ಕಣ್ಣಿಗೆ ದ್ಯಾಮಕ್ಕ ಬಿದ್ದಳು. ದ್ಯಾಮಕ್ಕ ಗುಂಡಿನ ಕಡೆ ಮುಖ ಮಾಡಿ ಎರಡೂ ಗಲ್ಲ ಬಡಿದುಕೊಳ್ಳುತ್ತಿದ್ದಳು. ಅವಳ ಪಕ್ಕ ನಿಂತ ಭರತನೂ ರಿಮೋಟನ್ನು ಕಂಕುಳಿಗೆ ಸಿಕ್ಕಿಸಿ ಹಾಗೇ ಮಾಡುತ್ತಿದ್ದ.

"ಏನಾತು ನಿಮಗ?"

"ಗಂಗಮ್ಮಗ ಎಡಗಡಿ ಸುತ್ತು ಆತಲ್ರಿ," ಎಂದ ಭರತ್ ನಾಚಿಕೊಂಡು. "ಗುಡಿಗಾದ್ರೂ ಅಷ್ಟ, ಗುಂಡಿಗಾದ್ರೂ ಅಷ್ಟ, ನಾವು ಬಲಕ್ಕ ಸುತ್ತೋರು. ಅದಕ್ಕ ನಮ್ಮ ಎಲ್ಲಾ ದೋಣಿಗೂ ಪಟ್ಟಿ ಬಲಕ್ಕ. ತಪ್ಪು ಕಾಣಿಕಿ ಕಟ್ಟಿ ಹೋಗ್ತೀನ್ರಿ, ಮನಸಿಗೆ ಸಮಾಧಾನ."

ನಾಗಲಿಂಗಮ್ಮನ ಕೈಯಲ್ಲಿನ ಎಲೆ ಬಾಯಿಗೆ ಹೋಗಲಿಲ್ಲ.

ಇವತ್ತು ಒಂದು ದೋಣಿಯನ್ನು ಸರಿಗೊಳಿಸಲು ಎಷ್ಟು ಸಲ ನೀರಿಗೆ ಬಿಡಬೇಕಾಯಿತು! ಮನೆಯಲ್ಲಿ ಕೂತು ಆಗುವ ಕೆಲಸ ಅಲ್ಲ ಅದು. ಎಡಕ್ಕೆ ಹಾರುವ ದೋಣಿಯನ್ನು ಮಾಡಿದವನೂ ಇಲ್ಲೇ, ಈ ಗುಂಡಿಗೇ, ಎಡಕ್ಕೆ ಸುತ್ತು ಹಾಕಿಸಿ ಹಾಕಿಸಿ ನೋಡಿರಬೇಕು. ಅವನು ಈ ಸೀಮೆಯವನೇ ಆಗಿದ್ದರೆ ಅವನಿಗೂ ಇದೇ ಅಳುಕು ಕಾಡಿರಬೇಕು.

"ದ್ಯಾಮಕ್ಕ, ಹಿಂದಿನ ವಾರ ಅಮ್ಮಗ ತಪ್ಪು ಕಾಣಿಕಿ ಯಾರು ಕಟ್ಟಿದ್ರು?"

ದ್ಯಾಮಕ್ಕನ ಮುಖ ಬಾಗಿಲು ಹಾಕಿತು. "ಅದನ್ನ ಕೇಳಬಾರದು. ಕಟ್ಟಿದೋರು, ಅಮ್ಮ, ಇಬ್ಬರ ನಡುವಿನ ಮಾತದು."

"ನಾ ಪೊಲೀಸಾಗಿ ಕೇಳವಲ್ಲೆ. ರಿಟೈರ್ ಆಗೀನಿ."

"ರಿಟೈರ್ ಆದ್ರೂ ನಿನ್ನ ಕಣ್ಣು ರಿಟೈರ್ ಆಗಿಲ್ಲ."

"ಆಗಿಲ್ಲ, ಖರೆ. ಅದಕ್ಕ ನೋಡು, ಅಂಜಿನಿ ಕಾಣತಾನ. ಹುಟ್ಟಿದಾಗಿಂದ ಇದ ನೀರಾಗ ಬೆಳದಾನ. ಮೊದಲ ಮೀನು ಅಮ್ಮಗ ತೋರಿಸದ ಸಂತಿಗೆ ಒಯ್ದಾನೇನು ಒಂದಿನ? ಮಾಡಿದವ ಒಂದು ಅರಿಶಿಣದ ಗಂಟು ಕಟ್ಟಿ ಆರಾಮ ಅದಾನ. ಮಾಡದವ ಒಳಗ ಕುಂತಾನ. ಅಮ್ಮ ಒಪ್ಪತಾಳೇನು ಇದನ್ನ?"

ದ್ಯಾಮಕ್ಕ ಗುಡಿಯ ಮುಂದಿನ ಬೇವಿನ ಟೊಂಗೆಯ ಹತ್ತಿರ ಹೋದಳು. ಅಲ್ಲಿ ಅರಿಶಿಣ ಬಟ್ಟೆಯ ಪುಟ್ಟ ಗಂಟುಗಳು ತೂಗುತ್ತಿದ್ದವು. ಹಳೆಯವು ಬಣ್ಣ ಬಿಟ್ಟಿದ್ದವು. ಒಂದು ಮಾತ್ರ ಇನ್ನೂ ಹಸಿ ಹಳದಿ.

"ಕೊಟ್ಟೂರಿನ ಸಣ್ಣ ಧಣಿ," ಎಂದಳು. "ಗವಿಸಿದ್ದೇಶಪ್ಪ. ಭಾನುವಾರಕ್ಕಿಂತ ಮೊದಲ ಬಂದು ಕಟ್ಟಿದ. ಯಾಕಪ್ಪಾ ಅಂದೆ. ಎಡಗಡಿ ಸುತ್ತು ಬಿದ್ದೈತಿ, ಅಮ್ಮ ಮನಸಿಗೆ ಹಚ್ಕೋಬಾರದು ಅಂದ. ಮರತು ಗುಡಿ ಎಡಕ್ಕ ಸುತ್ತಿರಬೇಕು ಅಂತ ನಾನೂ ಸುಮ್ಮನಾದೆ."

ನಾಗಲಿಂಗಮ್ಮನ ಸ್ಕೂಟಿ ಹಡಗಲಿ ದಾಟಿ ಕೊಟ್ಟೂರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಊಟ ಆಗಿರಲಿಲ್ಲ. ಹಸಿವಾದಾಗ ಅವಳಿಗೆ ಸಿಟ್ಟು ಜಾಸ್ತಿ, ಸಿಟ್ಟು ಬಂದಾಗ ಮಾತು ಕಮ್ಮಿ. ಎದುರಿನವರ ಪಾಲಿಗೆ ಅದು ಒಳ್ಳೆಯ ಸೂಚನೆ ಅಲ್ಲ.

ಎಣ್ಣೆ ಮಿಲ್ಲು ನಿಂತಿತ್ತು. ಯಜಮಾನ ಆಸ್ಪತ್ರೆಯಲ್ಲಿ, ಯಜಮಾನತಿ ಕಲ್ಯಾಣಮ್ಮ ಅವನ ಕಾಲ ಬಳಿ. ಮಹಡಿಯ ಮೇಲಿನ ಕೋಣೆಯಲ್ಲಿ ಗವಿಸಿದ್ದೇಶ್ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಮೇಜಿನ ಮೇಲೆ ಅರ, ಸ್ಕ್ರೂಡ್ರೈವರು, ಗ್ರೀಸಿನ ಡಬ್ಬಿ. ಗೋಡೆಯ ಹಲಗೆಯ ಮೇಲೆ ಮೂರನೆಯ ಹಳದಿ ದೋಣಿ.

"ಬರ್ರಿ ಅಮ್ಮಾರ. ಕೂಡ್ರಿ. ನೀರು ತರ್ಲ್ಯಾ?"

"ಬ್ಯಾಡ. ಅಪ್ಪ ಹೆಂಗದಾರ?"

"ಹಂಗ ಅದಾರ್ರಿ. ಕಣ್ಣು ಬಿಟ್ಟಿಲ್ಲ."

"ಆ ದೋಣಿ ಕೆಳಗಿಳಿಸು. ನೋಡಬೇಕು."

"ಮೋಟರ್ ಸುಟ್ಟೈತ್ರಿ. ಪೊಲೀಸ್ನೋರಿಗೂ ಹೇಳೀನಲ್ಲ."

"ಹೇಳಿದ್ದು ಕೇಳೀನಿ. ನೋಡೋದು ಉಳಿದೈತಿ."

ಅವನು ಅಲ್ಲಾಡಲಿಲ್ಲ. ಅವಳೇ ಎದ್ದು ಇಳಿಸಿದಳು. ಹಿಂಬದಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಪಟ್ಟಿ ಬಲಕ್ಕೇ ಇತ್ತು, ಉಳಿದೆರಡರಂತೆ. ಎಡಗಡೆ ಸ್ಕ್ರೂ ಗಾತ್ರದ ತೂತುಗಳನ್ನು ಎಂ-ಸೀಲಿನಿಂದ ಮುಚ್ಚಿ, ಮೇಲೆ ಹಳದಿ ಬಳಿದಿದ್ದರು. ಬಳಿದ ಹಳದಿ ಹೊಸದು, ಸುತ್ತಲಿನ ಹಳದಿ ಬಿಸಿಲು ಕಂಡದ್ದು. ಮುಚ್ಚಿದರೂ ಕಾಣುತ್ತಿತ್ತು.

"ಇದು?"

"ಹಳೇದ್ರಿ. ಅಂಗಡಿಯಿಂದ ಬ-ಬರುವಾಗ್ಲೇ ಹಂಗ ಇತ್ತು."

"ಮೋಟರಿಗೆ ಒಂದು ಬ್ಯಾಟರಿ ಹಚ್ಚು."

"ಸುಟ್ಟೈತಿ ಅಂದ್ನೆಲ್ರಿ."

"ಹಂಗಾರ ಹಚ್ಚಿದ್ರೂ ತಿರುಗೂದಿಲ್ಲ. ನಿನಗೇನು ನಷ್ಟ?"

ಗವಿಸಿದ್ದೇಶ್ ಗೋಡೆಗೆ ಒರಗಿ ಕೈಕಟ್ಟಿದ. ಧ್ವನಿ ಗಟ್ಟಿ ಮಾಡಿಕೊಂಡ. "ಅಮ್ಮಾರ, ನೀವು ಈಗ ಡ್ಯೂಟಿಮ್ಯಾಲೆ ಇಲ್ಲ. ವಾರಂಟ್ ಇಲ್ಲ, ಏನಿಲ್ಲ. ನಮ್ಮಪ್ಪಗ ಹಿಂಗಾಗೈತಿ, ನೀವು ಬಂದು ನನ್ನ ಮ್ಯಾಲೆ ಸಂಶಯ ಪಡ್ತೀರಿ. ಇದು ಸರಿ ಅಲ್ಲ. ನಾ ಆ ದಿನ ಹೊಳಿಗೆ ಬಂದೇ ಇಲ್ಲ. ಮಿಲ್ಲಿನಾಗ ಇದ್ದೆ, ಹಮಾಲರೆಲ್ಲ ನೋಡ್ಯಾರ."

"ಆ ದಿನ ಬಂದಿಲ್ಲ. ಒಪ್ಪಿದೆ. ಅದಕ್ಕಿಂತ ಮೊದಲು?"

"ಇಲ್ಲ."

"ಗಂಗಮ್ಮನ ಗುಡಿಗೆ?"

ಅವನು ಕಟ್ಟಿದ್ದ ಕೈ ಬಿಚ್ಚಿದ.

"ಬೇವಿನ ಟೊಂಗಿಗೆ ಅರಿಶಿಣದ ಗಂಟು ಕಟ್ಟಿಯಲ್ಲ, ಅದು ಯಾಕಂತ ಕೇಳವಲ್ಲೆ," ಎಂದಳು ನಾಗಲಿಂಗಮ್ಮ. ಧ್ವನಿ ಏರಿಸಲಿಲ್ಲ. "ಒಂದ ಮಾತು ಹೇಳು, ನಾ ಎದ್ದು ಹೋಗ್ತೀನಿ. ಗಂಗಮ್ಮನ ಆಣಿಗೂ ನಾ ಕಟ್ಟಿಲ್ಲ ಅನ್ನು. ಅಷ್ಟ ಸಾಕು."

ಪೊಲೀಸರಿಗೆ ಸುಳ್ಳು ಹೇಳಿದ್ದ. ಅವ್ವನಿಗೆ ಹೇಳಿದ್ದ. ಇದನ್ನೂ ಹೇಳಿಬಿಡಬಹುದಿತ್ತು, ಒಂದೇ ಒಂದು ಮಾತು. ಆದರೆ ಅವನು ಗೋಡೆಗುಂಟ ಜಾರಿ ನೆಲದ ಮೇಲೆ ಕೂತು, ಮೊಣಕಾಲಿಗೆ ಮುಖ ಕೊಟ್ಟು ಅತ್ತ. ಗಂಡಸು ಅಳುವಾಗ ನೋಡಲಾಗದೆ ನಾಗಲಿಂಗಮ್ಮ ಕಿಟಕಿಯ ಹೊರಗೆ ನೋಡಿದಳು. ಅವಳ ಸಿಟ್ಟೂ ಅರ್ಧ ಇಳಿಯಿತು.

"ಪಟ್ಟಿ ಎಡಕ್ಕ ಕೂಡ್ರಿಸಿದ್ದು ನಾನ," ಎಂದ ಅವನು ಕೊನೆಗೆ. "ಗುಡಿ ಕಡಿ ಯಾರೂ ಇಲ್ಲದ ಹೊತ್ತಿನಾಗ ಗುಂಡಿನ ಸುತ್ತ ಓಡಿಸಿ ಓಡಿಸಿ ಸರಿ ಮಾಡಿದ್ದೂ ನಾನ. ಆದ್ರ ಆ ದಿನ ಓಡಿಸಿದ್ದು ನಾನಲ್ರಿ. ನಮ್ಮಪ್ಪನ ಮ್ಯಾಲೆ ಓಡಿಸ್ತೀನೇನ್ರಿ ನಾನು?"

"ಯಾರು ಓಡಿಸಿದ್ರು?"

"ಮಾವ. ಅರುಣಕುಮಾರ್ ಮಾವ. ಅವ್ವನ ತಮ್ಮ. ಆಚೆ ದಂಡಿ ಜಾಲಿಗಿಡದಾಗ ಕುಂತಿದ್ದ. ಆ ಕಡಿಯಿಂದ ಗುಂಡಿನ ಹಿಂದಕ್ಕ ಬರಬೇಕಂದ್ರ ಬಲಕ್ಕೆಲ್ಲ ಕಲ್ಲು. ಎಡಕ್ಕ ಸುತ್ತಿನ ಬರಬೇಕು. ಅದಕ್ಕ ಹಂಗ ಮಾಡಿಕೊಡು ಅಂದ."

"ನಿಮ್ಮಪ್ಪನ ಮ್ಯಾಲೆ ಅವನಿಗೇನು ಸಿಟ್ಟು?"

"ಅಪ್ಪನ ಮ್ಯಾಲೆ ಅಲ್ರಿ." ಗವಿಸಿದ್ದೇಶ್ ತಲೆಯೆತ್ತಿದ. "ಹರಗೋಲಿನಾಗ ಇರಬೇಕಾದವ ಅಂಜಿನಿ. ಯಾವತ್ತೂ ಅವನ ಹೋಗೂದು. ಅವತ್ತು ಅವ ಬ್ಯಾಟರಿ ಚಾರ್ಜಿಗೆ ಹಚ್ಚಾಕ ಗುಡಿ ಕಡಿ ಹೋಗಿದ್ದ. ಅಪ್ಪ ಕಾಯಲಿಲ್ಲ, ತಾನ ಹರಗೋಲು ಹತ್ಯಾನ. ತಲಿಗೆ ಟವಲ್ ಸುತ್ತಿಕೊಂಡಿದ್ದ. ದೂರದಿಂದ ಮಾವಗ ಗೊತ್ತಾಗಿಲ್ಲ."

ನಾಗಲಿಂಗಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಅಂಜಿನಿ ನಿಮ್ಮ ಮಾವಗ ಏನು ಮಾಡ್ಯಾನ?"

"ಗುಂಡಿನ ಹಿಂದ ನೀರಿನ್ಯಾಗ ಅವ ಏನೋ ನೋಡ್ಯಾನಂತ. ದೋಣಿ ಮುಳುಗಿದಾಗ ಕೆಳಗ ಮುಳುಗು ಹಾಕಿದ್ದ, ಆಗ. ಇನ್ನೊಮ್ಮೆ ಆ ಕಡಿ ಹೋಗದಂಗ ಹೆದರಿಸಬೇಕು ಅಂದ ಮಾವ. ಬರೇ ಹೆದರಿಸೂದು, ಹರಗೋಲು ಹರಿದ್ರ ಈಜಿ ಬರ್ತಾನ ಬಿಡು ಅಂದ. ನಾನೂ ನಂಬಿದೆ."

"ಏನು ನೋಡ್ಯಾನ?"

"ಆಣಿಗೂ ಗೊತ್ತಿಲ್ರಿ. ಅಂಜಿನಿಗೂ ಅದು ಏನಂತ ತಿಳಿದಿಲ್ಲ. 'ಅಲ್ಲೊಂದು ಏನೋ ಐತ್ರಿ ಧಣ್ಯಾರ' ಅಂತ ಅಪ್ಪನ ಮುಂದ ಹೇಳುವಾಗ ಮಾವ ಅಲ್ಲೇ ಇದ್ದ. ಅವತ್ತಿಂದ ಮಾವಗ ನಿದ್ದಿ ಇಲ್ಲ."

ಸುಳ್ಳಿನ ವಾಸನೆ ಎಂಥದೆಂದು ನಾಗಲಿಂಗಮ್ಮನಿಗೆ ಗೊತ್ತು. ಇಲ್ಲಿ ಅದು ಇರಲಿಲ್ಲ. ಅವಳು ಮೂಲೆಯಲ್ಲಿದ್ದ ನೀರಿನ ಚೆಂಬನ್ನು ಅವನ ಮುಂದೆ ಸರಿಸಿದಳು.

"ಮುಖ ತೊಳಕೋ. ಈಗ ಹೇಳಿದ್ದನ್ನ ಸ್ಟೇಷನ್ನಿನಾಗ ಹೇಳಬೇಕು. ಇವತ್ತ."

"ಹೇಳ್ತೀನ್ರಿ. ಅಪ್ಪ ಕಣ್ಣು ಬಿಟ್ಟಾಗ ಅವನ ಮುಂದ ನಿಲ್ಲಾಕಾದ್ರೂ ಮುಖ ಬೇಕಲ್ರಿ ನನಗ."

ಅವಳ ಮೊಬೈಲು ಬಡಿದುಕೊಂಡಿತು. ಅಂಜಿನಿಯ ಅಕ್ಕ ಹೊನ್ನೂರಮ್ಮ. ಆ ಹೆಂಗಸು ವಾರದಿಂದ ಫೋನಿನಲ್ಲಿ ಅತ್ತದ್ದೇ ಅತ್ತದ್ದು. ಈಗ ಧ್ವನಿ ಬೇರೆಯೇ ಆಗಿತ್ತು.

"ಅಕ್ಕಾರ, ಬಿಟ್ರು! ನಿಮ್ಮ ವಿಡಿಯೋ ನೋಡಿನ ಬಿಟ್ರು. ಸುಕನ್ಯಾ ಮೇಡಂ ಏನು ಮಾತಾಡಿದ್ರಂತೀರಿ. ಜಡ್ಜ್ ಸಾಹೇಬ್ರು ದೋಣಿ ಬೀಳೂದನ್ನ ಮತ್ತ ಮತ್ತ ನೋಡಿದ್ರಂತ."

ನಾಗಲಿಂಗಮ್ಮ ಕಣ್ಣು ಮುಚ್ಚಿದಳು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. "ಒಳ್ಳೇದಾತು ಹೊನ್ನೂರವ್ವ. ಮನಿಗೆ ಕರ್ಕೊಂಡು ಹೋಗು. ಹೊಟ್ಟಿ ತುಂಬ ಉಣಿಸು."

"ಜಾಮೀನಿಗೆ ಹೊಲದ ಪಹಣಿ ಬೇಕಂದ್ರು. ನಮ್ಮ ಹತ್ರ ಎಲ್ಲೈತ್ರಿ? ಆಗ ಪುಣ್ಯಾತ್ಮರೊಬ್ಬರು ಅವರಾಗ ಮುಂದ ಬಂದು ಸಹಿ ಹಾಕಿದ್ರು. 'ನಮ್ಮ ಮನಿಯವರಿಗೆ ಪೆಟ್ಟಾಗಿರಬಹುದು, ಆದ್ರ ಅಂಜಿನಿ ತಪ್ಪಿಲ್ಲ ಅಂತ ನಮಗ ಗೊತ್ತೈತಿ' ಅಂದ್ರು. ಇಂಥೋರೂ ಇರ್ತಾರ ನೋಡ್ರಿ."

"ಯಾರು?" ನಾಗಲಿಂಗಮ್ಮ ಎದ್ದು ನಿಂತಿದ್ದಳು. "ಯಾರು ಸಹಿ ಹಾಕಿದ್ರು?"

"ಗುರುಸಂಗಪ್ಪ ಧಣ್ಯಾರ ಹೆಂಡ್ತಿ ತಮ್ಮ. ಅರುಣಕುಮಾರಪ್ಪಾರು."

ನೆಲದ ಮೇಲೆ ಕೂತಿದ್ದ ಗವಿಸಿದ್ದೇಶನಿಗೂ ಆ ಹೆಸರು ಕೇಳಿಸಿತು. ಅವನು ಚೆಂಬು ಕೆಳಗಿಟ್ಟು ಅವಳ ಮೊಬೈಲಿನ ಹತ್ತಿರಕ್ಕೆ ಸರಿದ.

"ಅಂಜಿನಿಗೆ ಫೋನ್ ಕೊಡು."

"ಅವ ಇಲ್ಲಿಲ್ರಿ ಅಕ್ಕಾರ. ಅವರ ಕಾರಿನ್ಯಾಗ ಹೊಳಿ ಕಡಿ ಹೋದ. ಗುಂಡಿನ ಹಿಂದ ಏನೋ ನೋಡಿದ್ಯಂತಲ್ಲ, ಎಲ್ಲಂತ ಒಂದೀಟು ತೋರಿಸು ಬಾ ಅಂತ ಕರ್ಕೊಂಡು ಹೋದ್ರು."

ನಾಗಲಿಂಗಮ್ಮ ಗವಿಸಿದ್ದೇಶನ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಮೆಟ್ಟಿಲ ಕಡೆ ಓಡಿದರು. ಕಿವಿಯಲ್ಲಿ ಹೊನ್ನೂರಮ್ಮ ಇನ್ನೂ ಮಾತಾಡುತ್ತಲೇ ಇದ್ದಳು.

"ಮುಂದಿನ ಸೀಟಿನಾಗ ಕುಂತು ನನಗ ಕೈ ಬೀಸಿದ ಅಕ್ಕಾರ. ವಾರದಿಂದ ನಕ್ಕಿರಲಿಲ್ಲ ನನ್ನ ತಮ್ಮ, ಇವತ್ತು ನಕ್ಕೊಂತ ಹೋದ."